ಪಾಲಯ್ಯ ನಿಲ್ಲಿಸಿದ ಸಲೈನ್

2006ರಲ್ಲಿ ನಾನು ಮೊಳಕಾಲ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಹೆರಿಗೆ, ಹಾವು ಕಡಿತ, ಚೇಳು ಕಡಿತ, ಲಾರಿ ಅಪಘಾತ ಎಲ್ಲವನ್ನೂ ನೋಡಿ ಗಟ್ಟಿಯಾಗಿದ್ದವಳು. ಸುಮ್ಮನೆ ಹೆದರುವ ಜಾಯಮಾನ ನನ್ನದಲ್ಲ. ಆದರೆ ಆ ವರ್ಷದ ಫೆಬ್ರವರಿಯ ಒಂದು ಭಾನುವಾರ ಹೆದರಿದ ಹಾಗೆ ಇಡೀ ಸರ್ವೀಸಿನಲ್ಲಿ ಇನ್ನೊಮ್ಮೆ ಹೆದರಲಿಲ್ಲ.

ಹಿಂದಿನ ವರ್ಷ ಮಳೆ ಚೆನ್ನಾಗಿ ಬಂದು ಕೆರೆಗಳಲ್ಲಿ ನೀರಿತ್ತು. ಆ ಹುರುಪಿನಲ್ಲಿ ಚಳ್ಳಕೆರೆಯ ಯುವಕರು ಟ್ರಯಥ್ಲಾನ್ ಎಂಬ ಸ್ಪರ್ಧೆ ಇಟ್ಟರು. ಮೊದಲು ಕೆರೆಯಲ್ಲಿ ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಬೇಕು, ಸೈಕಲ್ ಇಳಿದ ಮೇಲೆ ಓಡಬೇಕು. ನಡುವೆ ವಿಶ್ರಾಂತಿ ಇಲ್ಲ. ಅವರಿಟ್ಟರೆ ನಾವೇನು ಕಮ್ಮಿ ಎಂದು ಮೊಳಕಾಲ್ಮೂರಿನ ಹುಡುಗರೂ ಒಂದು ಇಟ್ಟರು. ಅವರದು ಶನಿವಾರ, ಇವರದು ಭಾನುವಾರ. ಒಂದು ವಾರ ಮುಂದಕ್ಕೆ ಹಾಕ್ರಪ್ಪಾ ಎಂದು ಹಿರಿಯರು ಹೇಳಿದರೂ ಎರಡು ಊರಿನವರೂ ಕೇಳಲಿಲ್ಲವಂತೆ. ಹಟಕ್ಕೆ ಬಿದ್ದವರಿಗೆ ಬುದ್ಧಿ ಹೇಳುವವರು ಯಾರು?

ಶನಿವಾರ ಗೆದ್ದವನು ಓಬಳೇಶ. ತಳಕಿನ ಹತ್ತಿರದ ಹಟ್ಟಿಯವನು, ಕಾವಲಿನಲ್ಲಿ ಕುರಿ ಕಾಯುವ ಹುಡುಗ, ಇಪ್ಪತ್ತೆರಡರ ಪ್ರಾಯ. ಈಜಿ, ನಾಯಕನಹಟ್ಟಿಗೆ ಸೈಕಲ್ ತುಳಿದು ವಾಪಸ್ ಬಂದು, ಓಡಿ, ಎಲ್ಲರಿಗಿಂತ ಮೊದಲು ಮುಟ್ಟಿದ. ಅಲ್ಲಿಗೆ ಬಂದಿದ್ದ ಮೊಳಕಾಲ್ಮೂರಿನ ಕೆಲವರು, ನಮ್ಮಲ್ಲಿ ಬಂದು ಗೆಲ್ಲಲಿ ನೋಡೋಣ ಎಂದು ಕೆಣಕಿದರು. ಓಬಳೇಶನ ಸೋದರಮಾವ ಪಾಲಯ್ಯ ಮೊಳಕಾಲ್ಮೂರಿನ ಕಡೆಯವನೇ. ನಾಳೆ ನನ್ನ ಅಳಿಯ ಬಂದೇ ಬರ್ತಾನೆ ಎಂದು ಎಲ್ಲರ ಎದುರು ಮಾತು ಕೊಟ್ಟುಬಿಟ್ಟ. ಸೋದರಮಾವ ಆಡಿದ ಮಾತನ್ನು ಅಳಿಯ ಬೀಳಿಸುವ ಹಾಗಿಲ್ಲ. ಹೀಗೆ ದಣಿದ ಕಾಲಲ್ಲೇ ಅವನು ಎರಡನೆಯ ಸ್ಪರ್ಧೆಗೆ ಹೊರಟ.

ಶನಿವಾರ ಸಂಜೆ ಏನಾಯಿತೆಂದು ನಮಗೆ ಆಮೇಲೆ ಒಂದೊಂದಾಗಿ ತಿಳಿಯಿತು. ಬಿಸಿಲಲ್ಲಿ ದೂರ ಓಡಿ ಬಂದ ಕುರಿಗೆ ಕುರಿ ಕಾಯುವವರು ಕೂಡಲೇ ನೀರು ಬಿಡುವುದಿಲ್ಲ, ಹೊಟ್ಟೆ ಉಬ್ಬಿ ಸಾಯುತ್ತದೆ ಎನ್ನುತ್ತಾರೆ. ಪಾಲಯ್ಯ ಅಳಿಯನಿಗೂ ಅದೇ ನೇಮ ಹಾಕಿದ. ನಾಲಿಗೆ ನೆನೆಯುವಷ್ಟು ನೀರು ಕೊಟ್ಟು, ಬೆವರು ಬಿಡಲಿ ಎಂದು ಕಂಬಳಿ ಹೊದಿಸಿ ಮಲಗಿಸಿದ. ತೊಡೆಗೆ ಹರಳೆಣ್ಣೆ ಹಚ್ಚಿ, ಮೇಲೆ ಒಬ್ಬನನ್ನು ಹತ್ತಿಸಿ ತುಳಿಸಿದ. ಅಂಗಡಿಯಿಂದ ನೋವಿನ ಮಾತ್ರೆ ತಂದು ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ನುಂಗಿಸಿದ. ಎಲ್ಲವೂ ಪ್ರೀತಿಯಿಂದಲೇ. ಮೂತ್ರ ಕೆಂಪಗೆ ಹೋಗಿದ್ದನ್ನು ಓಬಳೇಶ ಅಂದೇ ನೋಡಿದ್ದ. ಉಷ್ಣ ಆಗಿರಬೇಕು ಎಂದುಕೊಂಡು ಯಾರಿಗೂ ಹೇಳಲಿಲ್ಲ.

ಭಾನುವಾರ ರಂಗಯ್ಯನದುರ್ಗದ ಜಲಾಶಯದಲ್ಲಿ ಈಜಿ, ರಾಂಪುರದ ರಸ್ತೆಯಲ್ಲಿ ಸೈಕಲ್ ತುಳಿದು, ಕೊನೆಯ ಓಟದಲ್ಲಿ ಎರಡು ಸಲ ಬಿದ್ದು ಎದ್ದು, ಎರಡನೆಯವನಾಗಿ ಮುಟ್ಟಿದ. ಮುಟ್ಟಿದವನು ಕೂತ. ಕೂತವನು ಏಳಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಅವನನ್ನು ಕಂಬಳಿಯಲ್ಲಿ ಹೊತ್ತು ನಮ್ಮಲ್ಲಿಗೆ ತಂದರು. ಜೊತೆಯಲ್ಲಿ ಪಾಲಯ್ಯ ಮತ್ತು ಓಬಳೇಶನ ಅವ್ವ ಬೋರಮ್ಮ.

ತೊಡೆ ಮುಟ್ಟಿದೆ. ಹಲಗೆಯ ಹಾಗೆ ಗಟ್ಟಿಯಾಗಿತ್ತು. ಬೆರಳು ತಾಗಿದ್ದಕ್ಕೇ ಅವನು ಹಲ್ಲು ಕಚ್ಚಿದ. ಮೂತ್ರಕ್ಕೆ ಕ್ಯಾತಿಟರ್ ಹಾಕಿದರೆ ಬ್ಯಾಗಿಗೆ ಇಳಿದದ್ದು ಹಾಲು ಹಾಕದ ಟೀ ಡಿಕಾಕ್ಷನ್ನಿನ ಬಣ್ಣದ್ದು, ಅದೂ ಒಂದು ಲೋಟದಷ್ಟಿಲ್ಲ. ಓಡಿ ಹೋಗಿ ಡಾಕ್ಟರನ್ನು ಕರೆದೆ.

ಡಾಕ್ಟರಿಗೆ ಮೊದಲು ಬಂದ ಅನುಮಾನ ಕೊಳಕುಮಂಡಲದ್ದು. ಆ ಹಾವು ಕಚ್ಚಿದರೂ ಮೂತ್ರ ಹೀಗೆ ಆಗುವುದುಂಟು, ಹುಡುಗ ಮಲಗಿದ್ದೂ ಕುರಿಹಟ್ಟಿಯಲ್ಲಿ. ಹೀಗಿದ್ದಾಗ ಸ್ವಲ್ಪ ರಕ್ತವನ್ನು ಗಾಜಿನ ನಳಿಕೆಯಲ್ಲಿ ಹಾಕಿ ಇಪ್ಪತ್ತು ನಿಮಿಷ ಅಲ್ಲಾಡಿಸದೆ ಇಡುತ್ತೇವೆ. ಹೆಪ್ಪುಗಟ್ಟದಿದ್ದರೆ ಆ ವಿಷ ಎಂದು ಅರ್ಥ. ನಾವು ಅವನ ಪಾದ, ಬೆರಳ ಸಂದಿ ಎಲ್ಲ ಹುಡುಕಿದೆವು, ಕಚ್ಚಿದ ಗುರುತು ಸಿಗಲಿಲ್ಲ. ರಕ್ತ ಹೆಪ್ಪುಗಟ್ಟಿತು. ಸದ್ಯ ಹಾವಲ್ಲ ಎಂದು ಉಸಿರು ಬಿಟ್ಟೆ. ಡಾಕ್ಟರ ಮುಖ ಮಾತ್ರ ತಿಳಿಯಾಗಲಿಲ್ಲ. ಅವರು ಎರಡು ದಿನದ ಕತೆಯನ್ನೆಲ್ಲ ಕೇಳಿ, ನನ್ನನ್ನು ಬಾಗಿಲ ಆಚೆಗೆ ಕರೆದರು.

ಅವರು ಹೇಳಿದ್ದು ರಾಬ್ಡೊಮಯೊಲಿಸಿಸ್ ಎಂಬ ಕಾಯಿಲೆ. ಅತಿಯಾಗಿ ದುಡಿದ ಸ್ನಾಯು ಒಡೆದು, ಅದರೊಳಗಿನ ದ್ರವ್ಯ ರಕ್ತಕ್ಕೆ ಸೇರಿ ಕಿಡ್ನಿಯನ್ನು ಕಟ್ಟಿಬಿಡುತ್ತದೆ. ನೀರಿಲ್ಲದ ಮೈಯಲ್ಲಿ, ನೋವಿನ ಮಾತ್ರೆಯೂ ಸೇರಿದರೆ ಇನ್ನೂ ಬೇಗ. ಒಡೆದ ಸ್ನಾಯುವಿನಿಂದ ಪೊಟ್ಯಾಷಿಯಂ ಎಂಬ ಲವಣವೂ ಹೊರಬರುತ್ತದೆ. ಅದು ಏರಿದರೆ ಹೃದಯ ಮುನ್ಸೂಚನೆ ಕೊಡದೆ ನಿಲ್ಲಬಹುದು. ಇಸಿಜಿಯಲ್ಲಿ ಅಲೆಗಳು ಆಗಲೇ ಚೂಪಾಗಿ ಎದ್ದಿದ್ದವು. ಸಲೈನ್ ಜೋರಾಗಿ ಬಿಟ್ಟು, ಡಯಾಲಿಸಿಸ್ ಇರುವ ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಕೂಡಲೇ ಸಾಗಿಸಬೇಕಿತ್ತು. 108 ಆಗ ಇನ್ನೂ ಬಂದಿರಲಿಲ್ಲ. ನಮ್ಮ ಆಂಬುಲೆನ್ಸ್ ಹೆರಿಗೆ ಕೇಸ್ ಹಾಕಿಕೊಂಡು ಚಿತ್ರದುರ್ಗಕ್ಕೆ ಹೋಗಿತ್ತು. ಸ್ಪರ್ಧೆ ನಡೆಸಿದವರದೇ ಜೀಪಿಗೆ ಹೇಳಿ ಕಳಿಸಿದೆವು.

ದಾರಿಗೆ ಬೇಕಾದ ಔಷಧಿ ತರಲು ನಾನು ಪಕ್ಕದ ಕೋಣೆಗೆ ಹೋದೆ. ಬಂದು ನೋಡಿದರೆ ಸಲೈನ್ ಹನಿ ನಿಂತಿತ್ತು. ನರ ಕಟ್ಟಿತೇ ಎಂದು ಗಾಬರಿಯಾಯಿತು. ಆಮೇಲೆ ಕಂಡಿತು: ಹನಿ ಹೆಚ್ಚು ಕಡಿಮೆ ಮಾಡುವ ಪೈಪಿನ ಚಕ್ರವನ್ನು ಪೂರ್ತಿ ಬಿಗಿದು, ಅದರ ಮೇಲೆ ಕೈ ಇಟ್ಟು ಪಾಲಯ್ಯ ನಿಂತಿದ್ದ.

“ನಾನೇ ನಿಲ್ಲಿಸೀನಿ ಸಿಸ್ಟರಮ್ಮ,” ಎಂದ. “ಎರಡು ಬಾಟ್ಲಿ ತುಂಬೀರಿ. ಒಂದು ತೊಟ್ಟು ಹೊರಗೆ ಬಂದಿಲ್ಲ. ಇವನು ಉಬ್ಬಿ ಸಾಯ್ತಾನೆ.”

ನೀನು ಇವನಿಗೆ ಮಾವನೋ ಯಮನೋ ಎಂದು ಬಾಯಿಗೆ ಬಂದ ಹಾಗೆ ಬೈದೆ. ಅವನು ಕೈ ತೆಗೆಯಲಿಲ್ಲ. ತುಟಿಯಲ್ಲೇ ತನ್ನ ಮನೆಮಾತು ತೆಲುಗಿನಲ್ಲಿ ಯಾವುದೋ ದೇವರನ್ನು ಬೇಡುತ್ತಿದ್ದ. ಅವನ ಮಾತು ಪೂರಾ ಸುಳ್ಳೂ ಅಲ್ಲ. ಮೂತ್ರ ಬರದವನಿಗೆ ನೀರು ಹೆಚ್ಚಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಡಾಕ್ಟರೂ ಅದಕ್ಕೇ ಮತ್ತೆ ಮತ್ತೆ ಬಂದು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಿದ್ದರು. ಕೈ ಕಿತ್ತು ಚಕ್ರ ತಿರುಗಿಸಬಹುದಿತ್ತು. ಆದರೆ ಬಳ್ಳಾರಿಯವರೆಗೆ ಜೀಪಿನಲ್ಲಿ ಅವನೂ ಬರುವವನು. ಆ ಚಕ್ರವನ್ನು ನಾನು ಎಷ್ಟು ಹೊತ್ತು ಕಾಯಲಿ?

ದನಿ ತಗ್ಗಿಸಿ ಹೇಳಿದೆ: “ಪಾಲಯ್ಯ, ಕೆರೆ ತೂಬಿಗೆ ಹೂಳು ಕೂತರೆ ಏನಾಗ್ತೈತೆ? ಇವನ ಮಾಂಸ ಒಡೆದು ಕಿಡ್ನೀಲಿ ಹಂಗೆ ಕೂತೈತೆ. ನೀರಿನ ರಭಸ ಇಲ್ದಿದ್ರೆ ಅದು ಬಿಡಲ್ಲ.”

ಅವನು ಬಗ್ಗಿ ಮೂತ್ರದ ಬ್ಯಾಗನ್ನು ನೋಡಿದ. “ರಭಸಕ್ಕೂ ಬಿಡದೇ ಹೋದ್ರೆ?”

“ಬಳ್ಳಾರೀಲಿ ಮಿಷನ್ ಐತೆ. ಅಲ್ಲಿಗೆ ಜೀವ ಹಿಡ್ಕೊಂಡು ಹೋಗಬೇಕು. ಬಾಟ್ಲಿ ನೀನೇ ಹಿಡಿ. ಹನಿ ನಿಂತರೆ ಹೇಳು. ಬ್ಯಾಗಿಗೆ ಎಷ್ಟು ಬಂತು ಅಂತಾನೂ ನೀನೇ ನೋಡು.”

ಪಾಲಯ್ಯ ಚಕ್ರವನ್ನು ತಾನೇ ಬಿಟ್ಟ.

ಜೀಪಿನಲ್ಲಿ ಹಿಂದಿನ ಸೀಟು ತೆಗೆದು ಕಂಬಳಿ ಹಾಸಿದೆವು. ನನ್ನ ಎರಡು ಬೆರಳು ಓಬಳೇಶನ ನಾಡಿಯ ಮೇಲೆಯೇ ಇದ್ದವು. ಬೋರಮ್ಮ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಪಾಲಯ್ಯ ಕುಣಿಯುವ ಜೀಪಿನಲ್ಲಿ ಬಾಟ್ಲಿ ಎತ್ತಿ ಹಿಡಿದಿದ್ದ. ಹುಡುಗ ಕೇಳಿದ್ದು ಒಂದೇ ಮಾತು, ಕಾಲು ತೆಗೀತಾರಾ ಎಂದು. ಇಲ್ಲಪ್ಪ ಎಂದೆ. ಅವನು ಕಾಲಿಗೆ ಹೆದರುತ್ತಿದ್ದ, ನಾನು ಹೃದಯಕ್ಕೆ. ಅದನ್ನು ಅವನಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ರಾಂಪುರ ದಾಟಿದ ಸ್ವಲ್ಪ ಹೊತ್ತಿಗೆ ಬೆರಳ ಕೆಳಗೆ ನಾಡಿ ನಿಧಾನವಾಯಿತು. ಒಂದು ಬಡಿತ ತಪ್ಪಿತು. ಮತ್ತೊಂದೂ ತಪ್ಪಿತು. ಜೀಪ್ ನಿಲ್ಲಿಸಿದೆ. ಇಂಥ ಹೊತ್ತಿಗೆಂದೇ ಡಾಕ್ಟರು ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟು ಕಳಿಸಿದ್ದರು. ಹೃದಯವನ್ನು ಸ್ವಲ್ಪ ಕಾಲ ಕಾಯುವ ಔಷಧಿ ಅದು, ಆದರೆ ಅವಸರದಲ್ಲಿ ಕೊಟ್ಟರೆ ಅದೇ ಹೃದಯವನ್ನು ನಿಲ್ಲಿಸುತ್ತದೆ. ಕೈ ನಡುಗದಿರಲಿ ತಾಯಿ ಎಂದುಕೊಳ್ಳುತ್ತಾ ಇಷ್ಟಿಷ್ಟೇ ಒತ್ತಿದೆ. ಬೋರಮ್ಮ ಇಳಿದು ರಸ್ತೆ ಬದಿಯಲ್ಲಿ ನಮಗೆ ಬೆನ್ನು ಮಾಡಿ ನಿಂತಳು. ಸಿರಿಂಜ್ ಖಾಲಿಯಾಗುವ ಹೊತ್ತಿಗೆ ನಾಡಿ ಲಯಕ್ಕೆ ಬಂತು. ಅವ್ವಾ ಹತ್ತು ಎಂದೆ. ಅವಳು ಹತ್ತಿ ಮಗನ ತಲೆಯನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡಳು.

ಕತ್ತಲಾಗುವ ಮೊದಲು ಬಳ್ಳಾರಿ ಮುಟ್ಟಿದೆವು. ಅಲ್ಲಿಯವರೆಗೂ ಬ್ಯಾಗಿಗೆ ಹೊಸದಾಗಿ ಒಂದು ಹನಿಯೂ ಸೇರಿರಲಿಲ್ಲ. ಅವನನ್ನು ಒಳಗೆ ಕರೆದುಕೊಂಡು ಹೋದರು, ನಾನು ಅದೇ ಜೀಪಿನಲ್ಲಿ ಹಿಂದಿರುಗಿದೆ. ಆಮೇಲಿನ ದಿನಗಳು ಕೆಟ್ಟವು. ಡಯಾಲಿಸಿಸ್ ಮೇಲೆ ಡಯಾಲಿಸಿಸ್ ನಡೆದಿದೆ, ಕಿಡ್ನಿ ಇನ್ನೂ ಎದ್ದಿಲ್ಲ ಎಂದು ಡಾಕ್ಟರು ವಿಚಾರಿಸಿ ಹೇಳುತ್ತಿದ್ದರು. ಕೆಲವರಿಗೆ ಅದು ಏಳುವುದೇ ಇಲ್ಲ ಎಂಬುದು ನನಗೂ ಗೊತ್ತಿತ್ತು. ಆಸ್ಪತ್ರೆಯ ಫೋನ್ ಹೊಡೆದುಕೊಂಡಾಗಲೆಲ್ಲ ಬೇರೆ ಯಾರಾದರೂ ಎತ್ತಲಿ ಎಂದು ಕಾಯುತ್ತಿದ್ದೆ.

ಎರಡು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಯಾರೂ ಇರಲಿಲ್ಲ, ನಾನೇ ಎತ್ತಿದೆ. ಎಸ್‌ಟಿಡಿ ಬೂತಿನಿಂದ ಪಾಲಯ್ಯ, ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿದ್ದ.

“ಸಿಸ್ಟರಮ್ಮ, ಉಚ್ಚೆ ಹೊಯ್ದ. ಅರ್ಧ ಚೊಂಬು. ನೀರಿನಂಗೆ ತಿಳಿಯಾಗೈತೆ. ನಾನೇ ಅಳೆದೆ.”

ಬೂತಿನಲ್ಲಿ ಸುತ್ತ ನಿಂತವರು ಏನೆಂದುಕೊಂಡರೋ. ನಾನು ಫೋನ್ ಇಟ್ಟು, ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಅವನು ಬಳ್ಳಾರಿಯಲ್ಲಿ ಅಳಿಯನ ಹಾಸಿಗೆ ಬಿಟ್ಟು ಕದಲಲಿಲ್ಲ, ಬ್ಯಾಗ್ ನೋಡುವುದನ್ನು ಒಂದು ದಿನವೂ ಬೇರೆಯವರಿಗೆ ಬಿಡಲಿಲ್ಲ ಎಂದು ಆಮೇಲೆ ಬೋರಮ್ಮ ಹೇಳಿದಳು.

ಮುಂದೆ ನನ್ನ ಕೈಕೆಳಗೆ ಬಂದ ಹೊಸ ನರ್ಸ್‌ಗಳಿಗೆಲ್ಲ ಇದನ್ನು ಹೇಳಿದ್ದೇನೆ. ಸಲೈನ್ ನಿಲ್ಲಿಸಿದವನನ್ನು ವಾರ್ಡಿನಿಂದ ಆಚೆ ಹಾಕುವುದು ಸುಲಭ. ಅವನು ಹೋದರೂ ಅವನ ಭಯ ಒಳಗೇ ಉಳಿಯುತ್ತದೆ, ನೀವು ಅತ್ತ ತಿರುಗಿದ ಹೊತ್ತಿಗೆ ಇನ್ನೊಬ್ಬರ ಕೈಯಿಂದ ಅದೇ ಚಕ್ರ ತಿರುಗಿಸುತ್ತದೆ. ಬೈಯಬೇಕೆನಿಸಿದರೆ ಬೈಯಿರಿ, ನಾನೂ ಬೈದಿದ್ದೇನೆ. ಆದರೆ ಬೈದು ಮುಗಿದ ಮೇಲೆ ಕಾರಣ ಹೇಳಿ, ಬಾಟ್ಲಿಯನ್ನು ಅವನ ಕೈಗೇ ಕೊಡಿ.