ಪೋಸ್ಟರಿಗೆ ಒಪ್ಪದ ಹೊಟ್ಟೆ

ಡಾಟ್‌ಕಾಮ್ ಹಣ ಹೊಳೆಯಂತೆ ಹರಿಯುತ್ತಿದ್ದ ಕಾಲದಲ್ಲಿ ನಾನು ಬೇ ಏರಿಯಾದ ಒಂದು ಸಣ್ಣ ಬೇಸ್‌ಬಾಲ್ ತಂಡಕ್ಕೆ ಡಯಟಿಷಿಯನ್ ಆಗಿದ್ದೆ. ಟೀವಿಯಲ್ಲಿ ಬರುವಂಥ ದೊಡ್ಡ ತಂಡವಲ್ಲ. ಆದರೂ ಅಲ್ಲಿನ ಆಟಗಾರರಿಗೆ ಆಟವೇ ಕಸುಬು, ಅದರಿಂದಲೇ ಸಂಸಾರ. ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನಿಂದ ಹೋಗಿ, ಅವರು ಏನು ತಿನ್ನಬೇಕು, ಎಷ್ಟು ನೀರು ಕುಡಿಯಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸ.

ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಚೆಂಡೆಸೆಯುತ್ತಿದ್ದ ಪಿಚರ್ ದಪ್ಪ ಮನುಷ್ಯ. ಹೊಟ್ಟೆ ಬೆಲ್ಟಿನ ಮೇಲೆ ಇಳಿಬಿದ್ದಿತ್ತು. ಚೆಂಡಿನ ವೇಗ ತೋಳಿನಿಂದ ಬರುತ್ತದೆ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಅದು ಹುಟ್ಟುವುದು ಕಾಲಿನಲ್ಲಿ. ಅವನು ಕಾಲು ಮುಂದಿಟ್ಟು ಸೊಂಟ ತಿರುಗಿಸಿದನೆಂದರೆ ಮೈಯ ಭಾರವೆಲ್ಲ ಚೆಂಡಿನ ಬೆನ್ನಿಗೆ ನಿಲ್ಲುತ್ತಿತ್ತು. ಅವನ ಬಿಪಿ, ಸಕ್ಕರೆ ಎಲ್ಲ ಸರಿಯಾಗಿದ್ದವು. ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಗ್ಯಾಲರಿಯ ಮೆಟ್ಟಿಲು ಹತ್ತಿ ಇಳಿದು ಬೆವೆತಿರುತ್ತಿದ್ದ.

ಆ ವರ್ಷ ಇಂಟರ್‌ನೆಟ್ ಕಂಪನಿಯ ಒಡೆಯನೊಬ್ಬ ತಂಡವನ್ನು ಕೊಂಡ. ಮೆನ್ಲೋ ಪಾರ್ಕಿನ ತನ್ನ ಆಫೀಸಿನಿಂದ ಒಬ್ಬ ಮ್ಯಾನೇಜರನ್ನು ಕಳಿಸಿದ. ಅವರು ಬೆಂಗಳೂರಿನವರು. ನಾನು ಮಂಡ್ಯದವಳೆಂದು ತಿಳಿದು ಖುಷಿಪಟ್ಟರು. ಮರುದಿನ ಮನೆಯಿಂದ ಕೋಡುಬಳೆ ತಂದುಕೊಟ್ಟರು. ಅದಾದ ವಾರವೇ ರೂಮಿಗೆ ಕರೆದರು.

"ಹೊಸ ಸೀಸನ್‌ಗೆ ಪೋಸ್ಟರ್ ಮಾಡಿಸ್ತಾ ಇದೀವಿ ಮೇಡಂ. ನಮ್ಮ ಪಿಚರ್ ಹೊಟ್ಟೆ ನೋಡಿ. ಅಥ್ಲೀಟ್ ಥರ ಕಾಣ್ತಾನಾ?"

"ಬಾಲ್ ಹಾಕೋದು ಅವನು ಸರ್, ಪೋಸ್ಟರ್ ಅಲ್ಲ. ತೂಕ ಇಳಿಸಿದ್ರೆ ಸ್ಪೀಡೂ ಇಳಿಯುತ್ತೆ."

ಇನ್ವೆಸ್ಟರುಗಳು ಬರುತ್ತಾರೆ, ತಂಡ ನೋಡಲು ಲಕ್ಷಣವಾಗಿರಬೇಕು ಎಂದರು. ಲಕ್ಷಣ! ಹೆಣ್ಣು ನೋಡಲು ಬಂದವರ ಮಾತಿನ ಹಾಗಿತ್ತು. ನಾನು ಅವನಿಗೆ ಪಥ್ಯ ಹೇಳುವುದಿಲ್ಲ ಎಂದೆ. ಅವರು ಯಾವುದೋ ಜಿಮ್ಮಿನಿಂದ ಟ್ರೈನರೊಬ್ಬನನ್ನು ಕರೆಸಿದರು. ಅಂದಿನಿಂದ ಆ ದೊಡ್ಡ ಆಳಿಗೆ ಬರೀ ಸೂಪು, ಸೊಪ್ಪು. ಬೇಡವೆನ್ನು ಎಂದು ಅವನಿಗೆ ಹೇಳಿದೆ. ಕಾಂಟ್ರಾಕ್ಟು ಮುಗಿಯುತ್ತಿದೆ, ಮನೆಯಲ್ಲಿ ಚಿಕ್ಕ ಮಗುವಿದೆ, ಬೇಡವೆನ್ನಲು ಆಗುತ್ತದೆಯೇ ಎಂದು ನನ್ನನ್ನೇ ಕೇಳಿದ.

ಸೀಸನ್ ಶುರುವಾಗುವಷ್ಟರಲ್ಲಿ ಅವನ ಕೆನ್ನೆ ಒಳಗೆ ಹೋಗಿತ್ತು. ಫೋಟೋ ಚೆನ್ನಾಗಿ ಬಂತು. ಚೆಂಡಿನಲ್ಲಿ ಮಾತ್ರ ಜೀವವಿರಲಿಲ್ಲ. ಎದುರಾಳಿಗಳು ಮನಸ್ಸಿಗೆ ಬಂದಂತೆ ಬಾರಿಸಿದರು. ಕಳೆದುಹೋದ ವೇಗವನ್ನು ತೋಳೊಂದರಿಂದಲೇ ತರಲು ಹೋಗಿ ಮೊಣಕೈಯ ಲಿಗಮೆಂಟ್ ಹರಿದುಕೊಂಡ. ಪರ್ಫಾರ್ಮೆನ್ಸ್ ಇಲ್ಲವೆಂದು ತಂಡದಿಂದ ತೆಗೆದರು.

ಸುದ್ದಿ ಕೇಳಿ ಬಾಗಿಲು ತಟ್ಟದೆ ಮ್ಯಾನೇಜರ ರೂಮಿಗೆ ನುಗ್ಗಿದೆ.

"ದಪ್ಪ ಇದ್ದಾಗ ನಿಮಗೆ ಮ್ಯಾಚ್ ಗೆಲ್ಲಿಸಿ ಕೊಡ್ತಿದ್ದ. ಉಪವಾಸ ಕೆಡವಿ ಅವನ ಕೈ ಮುರಿದ್ರಿ. ಈಗ ಆಡಲ್ಲ ಅಂತ ಕಳಿಸ್ತೀರಾ?"

"ಯಾಕಿಷ್ಟು ಪರ್ಸನಲ್ ಆಗಿ ತಗೋತೀರ ಮೇಡಂ? ಇದು ಬಿಸಿನೆಸ್ಸು," ಎಂದು ಕಂಪ್ಯೂಟರಿನ ಕಡೆ ತಿರುಗಿದರು.

ಆ ತಿಂಗಳೇ ನಾನು ಕೆಲಸ ಬಿಟ್ಟೆ. ಸ್ವಲ್ಪ ಕಾಲದಲ್ಲೇ ಆ ಇಂಟರ್‌ನೆಟ್ ಕಂಪನಿ ಮುಳುಗಿತು, ತಂಡವೂ ಕೈಬದಲಾಯಿತು. ನನಗೆ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಒಂದು ದಿನ ಆ ಪಿಚರ್ ಅಲ್ಲಿಗೆ ಫೋನ್ ಮಾಡಿದ. ಆಪರೇಷನ್ ಆಗಿದೆ, ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ ಎಂದ. ಮತ್ತೆ ಮೊದಲಿನಂತೆ ದಪ್ಪಗಾದರೆ ಚೆಂಡಿನ ವೇಗ ವಾಪಸ್ ಬರುತ್ತದೆಯೇ ಎಂದು ಕೇಳಿದ. ಮೈ ಬರುತ್ತದೆ, ಮೊಣಕೈಯ ಮಾತು ನಾನು ಹೇಳಲಾರೆ ಎಂದೆ. ಅವನು ಥ್ಯಾಂಕ್ಸ್ ಹೇಳಿದ. ನನಗೆ ಥ್ಯಾಂಕ್ಸ್!

ಫೋನ್ ಬಂದ ವರ್ಷದ ದೀಪಾವಳಿಗೆ ನಾವು ಕನ್ನಡದವರೆಲ್ಲ ಫ್ರೀಮಾಂಟಿನ ಹಾಲೊಂದರಲ್ಲಿ ಸೇರಿದ್ದೆವು. ಊಟದ ಸಾಲಿನಲ್ಲಿ ಆ ಮ್ಯಾನೇಜರ್ ಸಿಕ್ಕರು. ಅವರ ಕೆಲಸವೂ ಹೋಗಿತ್ತಂತೆ. "ಹಳೇದೆಲ್ಲ ಬಿಟ್ಬಿಡಿ ಮೇಡಂ. ಆಗ ಎಲ್ಲಾರೂ ಹಂಗೇ ಇದ್ವಿ," ಎಂದು ನಕ್ಕರು.

"ಎಲ್ಲಾರೂ ಇರ್ಲಿಲ್ಲ ಸರ್. ನೀವಿದ್ರಿ," ಎಂದೆ. ಗಟ್ಟಿಯಾಗಿಯೇ ಎಂದೆ. ಸಾಲಿನಲ್ಲಿದ್ದವರು ತಿರುಗಿ ನೋಡಿದರು.

ಅಷ್ಟು ಜನರ ಮುಂದೆ ಹಾಗೆ ಅನ್ನಬಾರದಿತ್ತು ಎಂದು ಕಾರಿನಲ್ಲಿ ನನ್ನ ಗಂಡ ಹೇಳಿದರು. ಅನ್ನಬೇಕಿತ್ತು ಎಂದೆ.