ಚಪ್ಪಲಿ ಬಿಟ್ಟು ಇಳಿಯುವ ಮಣ್ಣು

ಮಾಪಣ್ಣನನ್ನು ನಾನು ಮೊದಲ ಸಲ ನೋಡಿದಾಗ ಅವನು ನಮ್ಮಪ್ಪನ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ, ಕೆಂಪು ಮಣ್ಣಿನ ಗುಡ್ಡೆಯ ಮೇಲೆ ಕೂತಿದ್ದ. ನಮ್ಮಿಬ್ಬರಿಗೂ ಆಗ ಹದಿನೈದು. ಕಲಬುರಗಿ ಆಗಿನ್ನೂ ಗುಲಬರ್ಗಾ. ರಾಷ್ಟ್ರಮಟ್ಟದ ಕಬಡ್ಡಿ ಪಂದ್ಯಾವಳಿ ನಮ್ಮೂರಿಗೆ ಬಂದಿತ್ತು. ಇಲ್ಲಿಯ ಮೈದಾನವೋ ಎರೆಮಣ್ಣು. ಒಣಗಿದರೆ ಬಿರುಕು, ನೆನೆದರೆ ಅಂಟು. ಅದಕ್ಕೇ ಕಮಲಾಪುರದಿಂದ ಕೆಂಪು ಮಣ್ಣು ತರಿಸಿದ್ದರು. ಅದನ್ನು ಜರಡಿ ಹಿಡಿಯಲು ಮಣ್ಣಿನ ಜೊತೆಗೇ ಬಂದವನು ಮಾಪಣ್ಣ.

ಆ ಐದು ದಿನಗಳ ಸಂಭ್ರಮ ಏನು ಕೇಳುತ್ತೀರಿ! ನೆಹರು ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಗಳು ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತಿದ್ದವು. ರೋಜಾ ಬಡಾವಣೆಯ ಲಾಡ್ಜುಗಳ ತುಂಬ ಪಂಜಾಬಿನವರು, ಮಹಾರಾಷ್ಟ್ರದವರು. ನಮ್ಮ ಗಾಜಿಪುರ ಓಣಿಯ ಹೆಂಗಸರು ಮಾಳಿಗೆ ಹತ್ತಿ, ಬೀದಿಯಲ್ಲಿ ಹೋಗುವ ಆ ಎತ್ತರದ ಆಟಗಾರರನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ನಾನೂ ಹೊಸ ಚಪ್ಪಲಿ ಮೆಟ್ಟಿಕೊಂಡು, ಕೂದಲು ಬಾಚಿ, ದೊಡ್ಡ ಸಾಹೇಬನ ಹಾಗೆ ಅಂಕಣದೊಳಗೆ ಕಾಲಿಟ್ಟೆ.

“ಏ ಜಾವೀದ, ಚಪ್ಪಲ್ ಬಿಡೋ!”

ಇಡೀ ಮೈದಾನ ನನ್ನ ಕಡೆ ತಿರುಗಿತು. ನೀರಿನ ಝಾರಿ ಹಿಡಿದು ಬರಿಗಾಲಲ್ಲಿ ನಿಂತಿದ್ದ ಮಾಪಣ್ಣನೇ ಕೂಗಿದ್ದು. ಪ್ರತಿ ಪಂದ್ಯಕ್ಕೂ ಮೊದಲು ಅವನು ಅಂಕಣದ ಉದ್ದಗಲ ನಡೆಯುತ್ತಿದ್ದ. ಅಂಗಾಲಿಗೆ ಒಂದು ಹರಳು ಚುಚ್ಚಿದರೂ ಸಾಕು, ಹೆಕ್ಕಿ ಕಿಸೆಗೆ ಹಾಕುತ್ತಿದ್ದ. ಕೊನೆಯ ದಿನ ಪಂಜಾಬ್ ತಂಡದ ನಾಯಕ ಅವನನ್ನು ಕರೆದು, ತನ್ನ ಮೊಣಕಾಲು ತೋರಿಸಿ, ಒಂದು ಗೀರೂ ಬಿದ್ದಿಲ್ಲ ನೋಡು ಎಂದು ಬೆನ್ನು ತಟ್ಟಿದ. ಅಷ್ಟಕ್ಕೇ ಮಾರುಹೋಗಿ ಈ ಪುಣ್ಯಾತ್ಮ ಊರಿಗೆ ವಾಪಸ್ಸು ಹೋಗಲೇ ಇಲ್ಲ. ದಿನಗೂಲಿಯವನಾಗಿ ಮೂವತ್ತು ವರ್ಷ ಅದೇ ಅಂಕಣಕ್ಕೆ ನೀರು ಚಿಮುಕಿಸಿದ.

ನಾನು ಅಪ್ಪನ ಟ್ರ್ಯಾಕ್ಟರ್ ಹಿಡಿದೆ. ಈಗ ಸೊಂಟ ಕೆಟ್ಟು ಕೂತಿದೆ. ಹೆಂಡತಿ ಜೀನತ್ ದಿನಾ ಎಣ್ಣೆ ತಿಕ್ಕುತ್ತಾಳೆ, ದಿನಾ ಬೈಯುತ್ತಾಳೆ. ಎಲ್ಲ ಸಾಕಾಗಿದೆ, ನಿಜ ಹೇಳಬೇಕೆಂದರೆ.

ಹೋದ ಮಾರ್ಚಿನಲ್ಲಿ ಒಬ್ಬ ಗುತ್ತಿಗೆದಾರ ಕರೆದ. ಕಬಡ್ಡಿ ಈಗ ಮ್ಯಾಟಿನ ಮೇಲೆ ಆಡುತ್ತಾರೆ, ಅಂಕಣಕ್ಕೆ ಕಾಂಕ್ರೀಟ್ ಹಾಕಬೇಕು, ಮಣ್ಣನ್ನು ರಿಂಗ್ ರೋಡಿನಾಚೆಯ ಕಸದ ತಗ್ಗಿಗೆ ಸುರಿದು ಬಾ ಎಂದ. ಸವೆದು ಸವೆದು ಎರಡು ಟ್ರಿಪ್ಪಿನಷ್ಟು ಉಳಿದಿತ್ತು. ಅಗೆಯಲು ನಿಂತವನು ಮಾಪಣ್ಣನೇ. ಮ್ಯಾಟಿಗೆ ನೀರು ಹಾಕುವವನು ಬೇಡವಲ್ಲ, ಆ ವಾರಕ್ಕೆ ಅವನ ಕೂಲಿಯೂ ಮುಗಿಯುತ್ತಿತ್ತು.

“ಜಾವೀದ, ಈ ಮಣ್ಣು ನಮ್ಮ ಕಮಲಾಪುರದ ಹೆಣ್ಮಕ್ಕಳ ಸಾಲಿಗೆ ಹಾಕಿ ಬರೋಣೋ. ಅಲ್ಲಿ ಹುಡುಗ್ಯಾರು ಮೊರಂ ಹರಳಿನ ಮ್ಯಾಲೇ ಕಬಡ್ಡಿ ಆಡ್ಲಾಕತ್ತಾರ. ಅವರ ಮೊಣಕಾಲು ನೋಡಾಕ ಆಗಂಗಿಲ್ಲ. ಪಂಚಶೀಲಾ ಟೀಚರ್ ನಾಕು ಸಲ ಕೇಳ್ಯಾರ.”

“ಹುಚ್ಚು ಹಿಡದದೇನು ನಿನಗ? ನಲವತ್ತು ಕಿಲೋಮೀಟರ್! ನನ್ನ ಸೊಂಟ ಯಾರು ನೋಡ್ತಾರ? ತಗ್ಗಿಗಿ ಅಂದ್ರ ತಗ್ಗಿಗೇ.”

ಮೊದಲಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದ. ಈಗ ಹೂಂ ಎಂದು ಸಲಿಕೆ ಎತ್ತಿದ. ಅವನು ಜಗಳ ಆಡದಿದ್ದದ್ದೇ ನನಗೆ ಸಿಟ್ಟು ತರಿಸಿತು.

ಮೊದಲ ಟ್ರಿಪ್ಪನ್ನು ತಗ್ಗಿಗೆ ಸುರಿದೆ. ಸುತ್ತ ಪ್ಲಾಸ್ಟಿಕ್ಕು, ಒಡೆದ ಬಾಟಲಿ, ಗಬ್ಬು ನಾತ. ನಾನು ಬೀಡಿ ಹಚ್ಚಿ ತಿರುಗುವಷ್ಟರಲ್ಲಿ ಮಾಪಣ್ಣ ಮಣ್ಣು ಹರಡಲು ಕೆಳಗಿಳಿದಿದ್ದ. ಅವನ ಚಪ್ಪಲಿಗಳು ದಂಡೆಯ ಮೇಲೆ ಜೋಡಿಸಿಟ್ಟಂತೆ ಇದ್ದವು.

“ಲೇ, ಗಾಜು ಅದಾವಲೇ ಅಲ್ಲಿ!”

ನಾನು ಕೂಗುವುದಕ್ಕೂ ಅವನು ಕಾಲೆತ್ತುವುದಕ್ಕೂ ಸರಿಹೋಯಿತು. ಅಂಗಾಲಿನಿಂದ ರಕ್ತ ಸುರಿಯುತ್ತಿತ್ತು.

“ಕಸದ ತಗ್ಗಿನ್ಯಾಗ ಯಾರರೆ ಚಪ್ಪಲ್ ಬಿಡ್ತಾರೇನಲೇ? ಅಕಲ್ ಅದನೋ ಇಲ್ಲೋ?”

“ಈ ಮಣ್ಣಿನ್ಯಾಗ ಎಂದೂ ಚಪ್ಪಲ್ ಮೆಟ್ಟಿ ನಿಂತಿಲ್ಲೋ. ರೂಢಿ,” ಎಂದ.

ದವಾಖಾನೆಯಲ್ಲಿ ಮೂರು ಹೊಲಿಗೆ ಬಿದ್ದವು.

ಮರುದಿನ ಎರಡನೇ ಟ್ರಿಪ್ಪನ್ನು ಸೊಂಟ ಹಿಡಿದುಕೊಂಡು ನಾನೇ ತುಂಬಿದೆ. ಬೇಡವೆಂದರೂ ಮಾಪಣ್ಣ ಬಂದು ಮಣ್ಣಿನ ಮೇಲೆ ಕೂತ. ರಿಂಗ್ ರೋಡ್ ದಾಟಿ ಹುಮನಾಬಾದ್ ರಸ್ತೆ ಹಿಡಿದೆ.

“ದಾರಿ ತಪ್ಪಿತಲ್ಲೋ ಜಾವೀದ.”

“ಬಾಯಿ ಮುಚ್ಚಿ ಕೂಡು.”

ಕಮಲಾಪುರದ ಶಾಲೆಯಲ್ಲಿ ಪಂಚಶೀಲಾ ಟೀಚರ್ ಓಡಿಬಂದರು. “ಅಣ್ಣಾರ, ಖರೇನೇ ತಂದ್ರೆಲ್ಲಾ!” ಎಂದು ಮಾಪಣ್ಣನಿಗೆ ಕುರ್ಚಿ ಹಾಕಿಸಿ ಬೇವಿನ ನೆರಳಲ್ಲಿ ಕೂರಿಸಿದರು. ಮಣ್ಣು ಸುರಿದೆ. ಅರ್ಧ ಅಂಕಣಕ್ಕೆ ಸಾಲುವಷ್ಟಿತ್ತು. ಉಳಿದರ್ಧ ತಗ್ಗಿನಲ್ಲಿತ್ತು, ನನ್ನಿಂದಾಗಿ. ನಾನು ಸಲಿಕೆ ಹಿಡಿದು ಹರಡಲು ಹೋದೆ.

“ಏ ಜಾವೀದ, ಚಪ್ಪಲ್ ಬಿಡೋ!”

ಕಿಟಕಿಗಳಲ್ಲಿ ಇಣುಕಿದ್ದ ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಮಾಪಣ್ಣನ ಆ ಗದರುವ ದನಿ ಕೇಳಿ ಎಷ್ಟೋ ವರ್ಷಗಳಾಗಿದ್ದವು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ದಾರಿಯುದ್ದ ಬಿಸಿಲಿಗೆ ಕಾದ ಮಣ್ಣು ಚುರ್ ಎಂದಿತು. ಹಾಗೇ ನಿಂತು, ಕಾಲಿಗೆ ಸಿಕ್ಕ ಮೊದಲ ಹರಳನ್ನು ಹೆಕ್ಕಿ ಕಿಸೆಗೆ ಹಾಕಿಕೊಂಡೆ.