ಹೆಸರಿಲ್ಲದ ವಿಷಾದ

ಕೊರೊನಾ ಮುಗಿದು ಶಾಲೆಗಳು ಮತ್ತೆ ತೆರೆದ ವರ್ಷ. ನಾನು ಪಿರಿಯಾಪಟ್ಟಣದಲ್ಲಿ ಮೈಸೂರಿನ ಒಂದು ದಿನಪತ್ರಿಕೆಗೆ ಏಜೆಂಟ್, ಜೊತೆಗೆ ವರದಿಗಾರ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಬಂಡಲ್ ಇಳಿಸಿಕೊಂಡು ಬೈಕಿನಲ್ಲಿ ಹಳ್ಳಿಗಳಿಗೆ ಪೇಪರ್ ಹಾಕುವುದು, ಆಮೇಲೆ ಸುದ್ದಿ ಹುಡುಕುವುದು. ಎಸ್ಸೆಸ್ಸೆಲ್ಸಿ ಪಾಸಾಗದವನಿಗೆ ಈ ಕೆಲಸ ಹೇಗೆ ಸಿಕ್ಕಿತು ಎಂದು ಕೇಳಬೇಡಿ. ಪೇಪರ್ ಮಾರುವವನೇ ಬರೆಯಲಿ ಎನ್ನುವುದು ತಾಲ್ಲೂಕುಗಳ ಪದ್ಧತಿ.

ಇನ್ನೊಂದು ಪದ್ಧತಿಯೂ ಇತ್ತು. ವರದಿಗಾರರದ್ದೆಲ್ಲ ಒಂದು ವಾಟ್ಸಾಪ್ ಗುಂಪು. ಒಬ್ಬ ಬರೆದು ಹಾಕಿದರೆ ಉಳಿದವರು ಮೊದಲ ಸಾಲು ಬದಲಿಸಿ ತಮ್ಮ ಪತ್ರಿಕೆಗೆ ಕಳಿಸುತ್ತಿದ್ದರು. ಪೆಟ್ರೋಲ್ ಉಳಿಯುತ್ತಿತ್ತು. ಒಬ್ಬ ತಪ್ಪಿದರೆ ಎಲ್ಲರೂ ತಪ್ಪುತ್ತಿದ್ದರು.

ಒಂದು ಮಧ್ಯಾಹ್ನ ನಮ್ಮ ತಾಲ್ಲೂಕಿನ ಕೊಪ್ಪದ ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ವಾಂತಿ ಶುರುವಾಯಿತು. ಆಸ್ಪತ್ರೆಗೆ ಹೋದೆ. ಯಾರ ಜೀವಕ್ಕೂ ಅಪಾಯವಿರಲಿಲ್ಲ. ಡ್ರಿಪ್ ಹಾಕಿಸಿಕೊಂಡಿದ್ದ ಒಂದು ಹುಡುಗಿ ಹೇಳಿದಳು: "ನಾನು ಬಿಸಿಯೂಟ ಉಂಡೇ ಇಲ್ಲ ಕಣಣ್ಣ. ಮನೆಯಿಂದ ರೊಟ್ಟಿ ತಂದಿದ್ದೆ."

ಅನುಮಾನ ಬಂದು ಶಾಲೆಗೆ ಹೋದೆ. ಕುಡಿಯುವ ನೀರಿನ ಟ್ಯಾಂಕಿನ ಮುಚ್ಚಳ ಒಡೆದಿತ್ತು. ಬಿಸಿಯೂಟದ ಅಡುಗೆಯ ಸಾಕಮ್ಮ ಸಾರಿನ ಪಾತ್ರೆಯ ಮುಂದೆ ಕೂತಿದ್ದರು.

"ನಾನೂ ಇದೇ ಸಾರು ಉಂಡಿವ್ನಿ ಕಣಪ್ಪ. ನೋಡು, ನಂಗೇನಾರ ಆಗೈತಾ?"

ಅಷ್ಟರಲ್ಲಿ ಗುಂಪಿನಲ್ಲಿ ಸುದ್ದಿ ಬಂದಿತ್ತು. ಬರೆದವನು ಶಿವಣ್ಣ, ಬೇರೆ ಪತ್ರಿಕೆಯ ಹಿರಿಯ ವರದಿಗಾರ. ಪಟ್ಟಣದ ಹೋಟೆಲಿನಿಂದ ಎದ್ದೇ ಇರಲಿಲ್ಲ. 'ಅಡುಗೆಯವಳ ನಿರ್ಲಕ್ಷ್ಯ: ಮಕ್ಕಳು ಅಸ್ವಸ್ಥ.' ಕೆಳಗೆ ಸಾಕಮ್ಮನ ಹೆಸರು, ಯಾರೋ ಕಳಿಸಿದ ಫೋಟೋ. ಶಿವಣ್ಣನಿಗೆ ಫೋನ್ ಮಾಡಿದೆ.

"ಅಣ್ಣ, ಊಟ ಮಾಡ್ದಿರೋ ಮಗೀಗೂ ವಾಂತಿ ಆಗೈತೆ. ವಸಿ ತಡಿ."

"ಏಯ್ ಬುಡ್ಲಾ ಮಂಜ. ಅಡುಗೆಯಿಂದಲ್ದೆ ಇನ್ನೇನು ಮೇಷ್ಟ್ರ ಪಾಠ ಕೇಳಿ ವಾಂತಿ ಆಯ್ತದಾ?"

ಮೈಸೂರಿನ ಡೆಸ್ಕಿಗೆ, ಅಂದರೆ ಸುದ್ದಿ ತಿದ್ದಿ ಪುಟಕ್ಕೆ ಹಾಕುವವರಿಗೆ, ಫೋನ್ ಮಾಡಿ ನೀರಿನ ಪರೀಕ್ಷೆ ಆಗುವವರೆಗೆ ಹಾಕಬೇಡಿ ಎಂದೆ. "ಎಲ್ಲರಲ್ಲೂ ಬಂದು ನಮ್ಮಲ್ಲಿ ಬರದಿದ್ರೆ ನೀನು ಉತ್ತರ ಕೊಡ್ತೀಯಾ?" ಎಂದು ಕೇಳಿ ಇಟ್ಟರು. ಗುಂಪಿನ ಸುದ್ದಿಯನ್ನೇ ಬೇರೆ ಯಾರಿಂದಲೋ ತರಿಸಿಕೊಂಡು ಹಾಕಿದರು. ಮಾರನೆಯ ಬೆಳಿಗ್ಗೆ ಬಂಡಲ್ ಬಿಚ್ಚಿದರೆ ಜಿಲ್ಲಾ ಪುಟದ ತಲೆಯಲ್ಲೇ ಸಾಕಮ್ಮ. ಆ ಪೇಪರನ್ನು ಆ ಊರಿಗೆ ಹಂಚಿದವನು ನಾನೇ. ಟೀ ಅಂಗಡಿಯವನು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ.

ಮಕ್ಕಳು ಮನೆಯಿಂದ ಬುತ್ತಿ ತರತೊಡಗಿದರು. ಸಾಕಮ್ಮ ಬರುವುದು ಬೇಡ ಎಂದು ಶಾಲೆಯ ಸಮಿತಿ ಹೇಳಿತು. ಸಾಕಮ್ಮ ನನ್ನ ಹತ್ತಿರ ಕೇಳಿದ್ದು ಒಂದೇ: "ನಂದು ತಪ್ಪಿಲ್ಲ ಅಂತ ಪೇಪರ್‌ನಲ್ಲಿ ಬರ್ಲಿ. ಅಂಗಾದ್ರೂ ಕೆಲ್ಸ ಉಳೀತದೆ."

ಊಟದ, ನೀರಿನ ಪರೀಕ್ಷೆಯ ವರದಿ ಬಂತು. ಊಟ ಸರಿಯಿತ್ತು, ಟ್ಯಾಂಕಿನ ನೀರು ಕೆಟ್ಟಿತ್ತು. ಅದನ್ನು ಹಿಡಿದು ಮೈಸೂರಿಗೆ ಹೋದೆ. ಡೆಸ್ಕಿನ ಮುಖ್ಯಸ್ಥರು ಒಳ್ಳೆಯವರೇ. ಕೂರಿಸಿ ಇತಿಹಾಸ ಹೇಳಿದರು. ಸರ್ಕಾರ ನಮ್ಮ ಕೈ ಕಟ್ಟಬಾರದು, ನಮ್ಮನ್ನು ನಾವೇ ತಿದ್ದಿಕೊಳ್ಳುತ್ತೇವೆ ಎಂದು ಪತ್ರಿಕೆಗಳು ಹಿಂದಿನಿಂದ ಹೇಳುತ್ತ ಬಂದಿವೆಯಂತೆ. ಇದಕ್ಕೆ ಸ್ವಯಂ ನಿಯಂತ್ರಣ ಎನ್ನುತ್ತಾರೆ. ದೂರು ಕೇಳಲು ದಿಲ್ಲಿಯಲ್ಲಿ ಮಂಡಳಿ ಇದೆ. ಅದು ಛೀಮಾರಿ ಹಾಕಬಹುದು, ದಂಡ ಹಾಕುವಂತಿಲ್ಲ.

"ಹಾಗಾದ್ರೆ ನಾವೇ ತಿದ್ಕೊಳೋಣ ಸಾರ್. ಅದೇ ಜಾಗ, ಅದೇ ಫೋಟೋ."

"ವಿಷಾದ ಹಾಕೋದೇ ಹೆಚ್ಚು ಕಣಯ್ಯ. ಬೇರೆಯವರು ಅದನ್ನೂ ಹಾಕಲ್ಲ."

ಅದು ನಿಜವಾಯಿತು. ಬೇರೆ ಯಾರೂ ಹಾಕಲಿಲ್ಲ. "ಒಬ್ರು ತಿದ್ಕಂಡ್ರೆ ಎಲ್ರೂ ಸುಳ್ರು ಅಂತ ಒಪ್ಕಂಡಂಗೆ ಕಣ್ಲಾ," ಎಂದ ಶಿವಣ್ಣ. ನಮ್ಮಲ್ಲಿ ಬಂತು, ಒಳಪುಟದಲ್ಲಿ, ಟೆಂಡರ್ ಜಾಹೀರಾತಿನ ಕೆಳಗೆ: 'ಶಾಲಾ ಮಕ್ಕಳ ಅಸ್ವಸ್ಥತೆ ಕುರಿತ ವರದಿಯಲ್ಲಿ ಕಾರಣ ತಪ್ಪಾಗಿ ಪ್ರಕಟವಾಗಿದೆ. ವಿಷಾದಿಸುತ್ತೇವೆ.'

ಸಾಕಮ್ಮನ ಮನೆಗೆ ಹೋಗಿ ಓದಿದೆ. ಅವರಿಗೆ ಓದು ಬಾರದು.

"ಇದ್ರಲ್ಲಿ ನಾನೆಲ್ಲಿವ್ನಿ?"

"ಹೆಸ್ರು ಹಾಕಿಲ್ಲ ಅಮ್ಮ."

"ಬಯ್ಯೋವಾಗ ಫೋಟ ಆಕಿ ಎಸ್ರು ಬರುದ್ರಿ. ಈಗ ಇದು ಯಾರ ಇಸ್ಯ ಅಂತ ಊರ್ನೋರು ಎಂಗೆ ತಿಳ್ಕಳದು?"

ಟೀ ಅಂಗಡಿಗೂ ಒಯ್ದೆ. ಅಂಗಡಿಯವನು ಓದಿ, "ಯಾವ ಸ್ಕೂಲಂತೆ?" ಎಂದ. ನಾನು ಬಾಯಲ್ಲಿ ಹೇಳಿದೆ. "ಪೇಪರ್‌ನಲ್ಲಿ ಅಂಗೇನಿಲ್ವಲ್ಲ," ಎಂದು ಅದರಲ್ಲೇ ಇನ್ನೊಬ್ಬರಿಗೆ ವಡೆ ಕಟ್ಟಿಕೊಟ್ಟ. ಗೋಡೆಯ ಮೇಲಿನದ್ದು ಹಾಗೇ ಇತ್ತು. ಶಾಲೆಗೆ ಬೇರೆ ಅಡುಗೆಯವರು ಬಂದರು. ಸಾಕಮ್ಮ ಈಗ ಹೊಗೆಸೊಪ್ಪಿನ ಕೆಲಸಕ್ಕೆ ಹೋಗುತ್ತಾರೆ.

ಗುಂಪು ಬಿಟ್ಟೆ. ಪೇಪರ್ ಹಾಕುವುದು, ಬರೆಯುವುದು ಬಿಟ್ಟಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಯಾರ ಹೆಸರು ಕೆಡಿಸಿದೆವೋ ಅವರ ಹೆಸರು ಹೇಳದೆ ತಿದ್ದಿದರೆ ಅದು ತಿದ್ದಿದಂತಲ್ಲ. ನಾನು ಇನ್ನೂ ಜಗಳ ಮಾಡಬೇಕಿತ್ತು.

ಇದನ್ನು ಬರೆಯಲೇ ಎಂದು ಮೊನ್ನೆ ಸಾಕಮ್ಮನನ್ನು ಕೇಳಿದೆ. "ಬರೀ ಮಗ. ಆದ್ರೆ ಎಸ್ರು ಆಕ್ಬುಟ್ಟೇ ಬರಿ," ಎಂದರು.

ಅವರ ಹೆಸರು ಸಾಕಮ್ಮ. ಅವರ ಅಡುಗೆಯಲ್ಲಿ ತಪ್ಪಿರಲಿಲ್ಲ.